ರೋಮಿನ ಪೀಠವೂ ಪ್ರೊಟೆಸ್ಟೆಂಟರ ತಕರಾರೂ

ಪೋಪರ ಬಗ್ಗೆ ಪ್ರೊಟೆಸ್ಟೆಂಟರು ಎತ್ತಿದ ಆಕ್ಷೇಪ ಮೂಲತಃ ಪದವಿಗೆ ಸಂಬಂಧಿಸಿದ್ದು, ಆ ಪದವಿಯಲ್ಲಿ ಕೂತ ಮನುಷ್ಯನಿಗೆ ಸಂಬಂಧಿಸಿದ್ದಲ್ಲ. ರೋಮಿನ ಪೀಠವೇರಿದವರಲ್ಲಿ ದುರಾಸೆಯವರೂ ದುರ್ನಡತೆಯವರೂ ಇದ್ದರೆಂಬುದನ್ನು ಕಥೋಲಿಕರು ಅಲ್ಲಗಳೆಯುವುದಿಲ್ಲ. ಕವಿ ದಾಂತೆ ಪೋಪ್ ಮೂರನೆಯ ನಿಕೊಲಸನನ್ನು ತನ್ನ ಕಾವ್ಯದ ನರಕದಲ್ಲಿ ತಲೆಕೆಳಗಾಗಿ ಹೂತಿಟ್ಟ. ಆದರೂ ಕೊನೆಯವರೆಗೆ ಕಥೋಲಿಕನಾಗಿಯೇ ಬಾಳಿದ. ಪೀಠ ಪವಿತ್ರ, ಕೂತವನು ಪಾಪಿ ಎಂಬುದು ಆ ಕಾಲದ ನಿಲುವು. ಹದಿನಾರನೆಯ ಶತಮಾನದ ಮತಸುಧಾರಕರು ಈ ಮಾತನ್ನು ಬುಡಮೇಲು ಮಾಡಿದರು. ಕೂತವನು ಸಜ್ಜನನೇ ಇರಬಹುದು, ಪೀಠವೇ ಸಲ್ಲದು ಎಂದರು. ಮುಂದಿನ ನಾಲ್ಕು ಶತಮಾನಗಳ ವಾದ, ಕಾನೂನು, ದಂಗೆ, ಸಾವುನೋವುಗಳಿಗೆಲ್ಲ ಮೂಲ ಈ ವ್ಯತ್ಯಾಸ.

ರೋಮಿನ ವಾದಕ್ಕೆ ಮೂರು ಕೊಂಡಿಗಳಿವೆ. ಮತ್ತಾಯನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಯೇಸು ಪೇತ್ರನನ್ನು ಬಂಡೆ ಎಂದು ಕರೆದು, ಆ ಬಂಡೆಯ ಮೇಲೆ ತನ್ನ ಸಭೆಯನ್ನು ಕಟ್ಟುವುದಾಗಿ ಹೇಳಿ, ಪರಲೋಕದ ಬೀಗದ ಕೈಗಳನ್ನು ಅವನಿಗೆ ಒಪ್ಪಿಸುತ್ತಾನೆ. ಆ ಪೇತ್ರ ರೋಮಿಗೆ ಬಂದು ಅಲ್ಲಿಯೇ ಹುತಾತ್ಮನಾದ. ಆದ್ದರಿಂದ ರೋಮಿನ ಬಿಷಪ್ಪನೇ ಪೇತ್ರನ ಉತ್ತರಾಧಿಕಾರಿ, ಇಡೀ ಸಭೆಯ ಮೇಲೆ ಅವನಿಗೆ ಅಧಿಕಾರವುಂಟು. ಪ್ರೊಟೆಸ್ಟೆಂಟರು ಈ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತಾರೆ. ಬಂಡೆಯೆಂದರೆ ಪೇತ್ರ ಬಾಯಿಬಿಟ್ಟು ಹೇಳಿದ ನಂಬಿಕೆ, ಪೇತ್ರನಲ್ಲ. ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕಟ್ಟುವ, ಬಿಚ್ಚುವ ಅಧಿಕಾರ ಎಲ್ಲ ಶಿಷ್ಯರಿಗೂ ಸಿಗುತ್ತದೆ. ಪೌಲನಂತೂ ಪೇತ್ರನನ್ನು ಎಲ್ಲರೆದುರಿಗೇ ಗದರಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಇನ್ನು ಪೇತ್ರನಿಗೆ ವಾರಸುದಾರರಿದ್ದಾರೆ ಎಂಬ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳೂ ರೋಮಿನ ಒಡೆತನವನ್ನು ಒಪ್ಪಿರಲಿಲ್ಲ. ಪೂರ್ವ, ಪಶ್ಚಿಮದ ಸಭೆಗಳು ಬೇರೆಯಾದ 1054ರ ಒಡಕಿಗೆ ಅದೂ ಒಂದು ಕಾರಣ. ಆದರೆ ಆರ್ಥೊಡಾಕ್ಸರು ರೋಮಿಗೆ ಗೌರವದ ಮೊದಲ ಸ್ಥಾನ ಕೊಡಲು ಸಿದ್ಧರಿದ್ದರು, ಆಳ್ವಿಕೆಯ ಸ್ಥಾನವನ್ನಷ್ಟೇ ನಿರಾಕರಿಸಿದರು. ಪ್ರೊಟೆಸ್ಟೆಂಟರು ಅಲ್ಲಿಗೆ ನಿಲ್ಲಲಿಲ್ಲ; ಲೋಕಾಂತ್ಯಕ್ಕೆ ಮುಂಚೆ ಬರುವನೆಂದು ಬೈಬಲ್ ಹೇಳುವ ಕ್ರಿಸ್ತನ ಶತ್ರು, ಕ್ರಿಸ್ತವಿರೋಧಿ, ಪೋಪನೇ ಎಂದರು.

ಪೋಪನನ್ನು ಕ್ರಿಸ್ತವಿರೋಧಿ ಎಂದು ಕರೆದದ್ದು ಪ್ರೊಟೆಸ್ಟೆಂಟರ ಆವಿಷ್ಕಾರವೇನೂ ಅಲ್ಲ. 1239ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ ಚಕ್ರವರ್ತಿ ಎರಡನೆಯ ಫ್ರೆಡೆರಿಕ್‌ನನ್ನು ಸಮುದ್ರದಿಂದ ಎದ್ದು ಬಂದ ಮೃಗ ಎಂದಾಗ, ಚಕ್ರವರ್ತಿಯ ಕಡೆಯವರು ಪೋಪನೇ ಕ್ರಿಸ್ತವಿರೋಧಿ ಎಂದು ತಿರುಗೇಟು ಕೊಟ್ಟಿದ್ದರು. ಅದು ಬೈಗುಳ, ಸಿದ್ಧಾಂತವಲ್ಲ. 1302ರಲ್ಲಿ ಪೋಪ್ ಎಂಟನೆಯ ಬೊನಿಫೇಸ್, ರೋಮಿನ ಪೋಪನಿಗೆ ಅಧೀನನಾಗಿರುವುದು ಪ್ರತಿಯೊಬ್ಬ ಮನುಷ್ಯನ ಮುಕ್ತಿಗೆ ಅಗತ್ಯ ಎಂದು ಸಾರಿದ. ಏಳು ವರ್ಷ ಕಳೆಯುವುದರೊಳಗೆ ಪೋಪರು ರೋಮನ್ನೇ ಬಿಟ್ಟು ಫ್ರಾನ್ಸಿನ ನೆರಳಿನ ಆವಿಞಾನ್‌ನಲ್ಲಿ ನೆಲೆಸಿದರು. 1378ರಿಂದ 1417ರವರೆಗೆ ಒಂದು ಪೀಠಕ್ಕೆ ಇಬ್ಬರು, ಕೊನೆಕೊನೆಗೆ ಮೂವರು ಪೋಪರು. ಪ್ರತಿಯೊಬ್ಬನೂ ಉಳಿದವರಿಗೆ ಬಹಿಷ್ಕಾರ ಹಾಕುತ್ತಿದ್ದ. ಯಾರಿಗೆ ಅಧೀನರಾದರೆ ಮುಕ್ತಿ ಎಂದು ಜನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಜಾನ್ ವಿಕ್ಲಿಫ್ ಪೋಪ್ ಪದವಿಯನ್ನೇ ಪ್ರಶ್ನಿಸಿದ್ದು ಈ ಗೊಂದಲ ಶುರುವಾದ ಹೊತ್ತಿನಲ್ಲಿ. ಅವನ ಬರಹಗಳನ್ನು ಓದಿದ ಬೊಹೀಮಿಯಾದ ಯಾನ್ ಹುಸ್‌ನನ್ನು ಕಾನ್‌ಸ್ಟನ್ಸ್ ನಗರದ ಮಹಾಸಭೆ 1415ರ ಜುಲೈ 6ರಂದು ಸುಡಿಸಿತು. ಜರ್ಮನಿಯ ರಾಜ ಕೊಟ್ಟಿದ್ದ ಅಭಯಪತ್ರ ಅವನನ್ನು ಕಾಯಲಿಲ್ಲ. ಆ ದ್ರೋಹ ಬಹುಕಾಲ ನೆನಪಿನಲ್ಲಿ ಉಳಿಯಿತು.

ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು ತನ್ನ 95 ವಾದಸೂತ್ರಗಳನ್ನು ಹೊರತಂದಾಗ ಪೋಪನ ವಿರೋಧಿಯಾಗಿರಲಿಲ್ಲ. ಅವನ ಸಿಟ್ಟು ಪಾಪಕ್ಷಮಾಪಣಾ ಪತ್ರಗಳ ಮಾರಾಟದ ಮೇಲೆ. ಮೈಂಜಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಪದವಿ ಪಡೆಯಲು ಫುಗ್ಗರ್ ಮನೆತನದ ಸಾಹುಕಾರರಿಂದ ಸಾಲ ಮಾಡಿದ್ದ; ಪತ್ರಗಳ ಹಣದಲ್ಲಿ ಅರ್ಧ ಆ ಸಾಲಕ್ಕೆ, ಉಳಿದರ್ಧ ರೋಮಿನ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೆ. ನಡೆಯುತ್ತಿರುವುದು ಪೋಪರಿಗೆ ತಿಳಿದರೆ ಅವರೇ ತಡೆಯುತ್ತಾರೆ ಎಂಬ ಧಾಟಿ ಆ ಸೂತ್ರಗಳಲ್ಲಿದೆ. ಮುಂದಿನ ಮೂರು ವರ್ಷಗಳಲ್ಲಿ ಎದುರಾಳಿಗಳೇ ಅವನನ್ನು ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ತಳ್ಳಿದರು. 1519ರಲ್ಲಿ ಲೈಪ್ಜಿಗ್‌ನ ವಾದಸಭೆಯಲ್ಲಿ ಯೊಹಾನ್ ಎಕ್ ಎಂಬ ಚತುರ ವಾದಿ, ಹುಸ್‌ನ ಮಾತೂ ನಿನ್ನ ಮಾತೂ ಒಂದೇ ಅಲ್ಲವೇ ಎಂದು ಕೆಣಕಿದ. ಹುಸ್ ಹೇಳಿದ್ದರಲ್ಲಿ ಕೆಲವು ಸರಿಯೇ ಇದ್ದವು, ಮಹಾಸಭೆಗಳೂ ತಪ್ಪಬಹುದು ಎಂದು ಲೂಥರ್ ಒಪ್ಪಿಕೊಂಡ. ಎಕ್‌ಗೆ ಬೇಕಾಗಿದ್ದದ್ದು ಅದೇ.

1520ರ ಆರಂಭದಲ್ಲಿ ಲೂಥರನ ಕೈಗೆ ಒಂದು ಹಳೆಯ ಪುಸ್ತಕ ಬಂತು. ಪಶ್ಚಿಮದ ಸಾಮ್ರಾಜ್ಯವನ್ನೇ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪನಿಗೆ ದಾನ ಮಾಡಿದನೆಂದು ಹೇಳುವ ದಾನಪತ್ರ ಖೋಟಾ ಎಂದು ಅದರಲ್ಲಿ ವಿದ್ವಾಂಸ ಲೊರೆಂಜೊ ವಾಲ್ಲಾ 1440ರಲ್ಲಿ ಸಾಬೀತು ಮಾಡಿದ್ದ. ಪತ್ರದ ಲ್ಯಾಟಿನ್ ನಾಲ್ಕನೆಯ ಶತಮಾನದ್ದಲ್ಲವೆಂದು ಮಾತುಮಾತಿಗೂ ತೋರಿಸಿದ್ದ. ಪೋಪರ ಲೌಕಿಕ ಅಧಿಕಾರಕ್ಕೆ ಆಧಾರವೆಂದು ಶತಮಾನಗಳಿಂದ ತೋರಿಸಿಕೊಂಡು ಬಂದ ಕಾಗದ ಸುಳ್ಳೆಂದಾದ ಮೇಲೆ, ಪೋಪನೇ ಕ್ರಿಸ್ತವಿರೋಧಿ ಎಂಬುದರಲ್ಲಿ ತನಗೆ ಹೆಚ್ಚುಕಡಿಮೆ ಸಂಶಯ ಉಳಿದಿಲ್ಲವೆಂದು ಲೂಥರ್ ಗೆಳೆಯನೊಬ್ಬನಿಗೆ ಬರೆದ. ಅದೇ ವರ್ಷ ಜೂನ್ 15ರಂದು ಪೋಪ್ ಹತ್ತನೆಯ ಲಿಯೊ ಲೂಥರನ 41 ಮಾತುಗಳನ್ನು ಖಂಡಿಸಿ, ಅರವತ್ತು ದಿನಗಳ ಗಡುವು ಕೊಟ್ಟು ಆಜ್ಞಾಪತ್ರ ಹೊರಡಿಸಿದ. ಡಿಸೆಂಬರ್ 10ರ ಬೆಳಗ್ಗೆ ವಿಟೆನ್‌ಬರ್ಗಿನ ಎಲ್‌ಸ್ಟರ್ ಬಾಗಿಲಿನ ಹೊರಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಬೆಂಕಿ ಹಾಕಿದರು. ಪೋಪರ ಶಾಸನಗ್ರಂಥಗಳು ಅದರಲ್ಲಿ ಬಿದ್ದವು, ಹಿಂದೆಯೇ ಆಜ್ಞಾಪತ್ರವನ್ನು ಲೂಥರನೇ ಎಸೆದ. ಆಜ್ಞಾಪತ್ರಕ್ಕಿಂತ ಶಾಸನಗ್ರಂಥಗಳನ್ನು ಸುಟ್ಟದ್ದು ದೊಡ್ಡ ಸಂಗತಿ, ಏಕೆಂದರೆ ಬೆಂಕಿಗೆ ಹೋದದ್ದು ಪೀಠದ ಕಾನೂನು. ವಿಚಿತ್ರವೆಂದರೆ ಕೆಲವೇ ವಾರಗಳ ಹಿಂದೆ ಅದೇ ಲೂಥರ್ ಲಿಯೊನಿಗೆ ಬರೆದ ಪತ್ರದಲ್ಲಿ ಆತನನ್ನು ತೋಳಗಳ ನಡುವಿನ ಕುರಿಮರಿಗೆ ಹೋಲಿಸಿದ್ದ. ಮನುಷ್ಯನ ಮೇಲೆ ಕನಿಕರ, ಪದವಿಯ ಮೇಲೆ ಕೋಪ.

ಈ ವಾದ ಓದು ಬಾರದವರಿಗೂ ತಲುಪಿದ್ದು ಚಿತ್ರಗಳಿಂದ. 1521ರಲ್ಲಿ ಲೂಕಾಸ್ ಕ್ರಾನಾಖ್ ಮರದಚ್ಚಿನಲ್ಲಿ ಕೊರೆದು ಕೊಟ್ಟ ಪುಟ್ಟ ಪುಸ್ತಕವೊಂದರಲ್ಲಿ ಹದಿಮೂರು ಜೋಡಿ ಚಿತ್ರಗಳಿವೆ. ಎಡಪುಟದಲ್ಲಿ ಕ್ರಿಸ್ತ, ಬಲಪುಟದಲ್ಲಿ ಪೋಪ. ಇಲ್ಲಿ ಯೇಸು ಮೊಣಕಾಲೂರಿ ಶಿಷ್ಯನ ಪಾದ ತೊಳೆಯುತ್ತಿದ್ದಾನೆ. ಅಲ್ಲಿ ಪೋಪ ಸಿಂಹಾಸನದಿಂದ ಪಾದ ಚಾಚಿದ್ದಾನೆ, ರಾಜರು ಬಾಗಿ ಅದಕ್ಕೆ ಮುತ್ತಿಡುತ್ತಿದ್ದಾರೆ. ಇಲ್ಲಿ ಮುಳ್ಳಿನ ಕಿರೀಟ, ಅಲ್ಲಿ ಮೂರು ಅಂತಸ್ತಿನ ಕಿರೀಟ. ಇಲ್ಲಿ ಯೇಸು ಚಾಟಿ ಹಿಡಿದು ವ್ಯಾಪಾರಿಗಳನ್ನು ದೇವಾಲಯದಿಂದ ಓಡಿಸುತ್ತಿದ್ದಾನೆ, ಅಲ್ಲಿ ಪೋಪ ದೇವಾಲಯದೊಳಗೇ ಕೂತು ಪತ್ರಗಳಿಗೆ ಮುದ್ರೆಯೊತ್ತುತ್ತಿದ್ದಾನೆ. ಕೊನೆಯ ಜೋಡಿಯಲ್ಲಿ ಒಬ್ಬ ಮೋಡಗಳ ಕಡೆಗೆ ಏರಿದರೆ ಇನ್ನೊಬ್ಬನನ್ನು ಪಿಶಾಚಿಗಳು ಬೆಂಕಿಗೆ ತಳ್ಳುತ್ತವೆ. ಎರಡು ಪುಟ ತೆರೆದು ಹಿಡಿದರೆ ಸಾಕು, ಪ್ರವಚನ ಬೇಕಿರಲಿಲ್ಲ. ಮರುವರ್ಷ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾದಾಗ ಬೈಬಲಿನ ಕೊನೆಯದಾದ ಪ್ರಕಟನೆಯ ಪುಸ್ತಕದ ಬಾಬಿಲೋನಿನ ವೇಶ್ಯೆಯ ತಲೆಗೆ ಪೋಪನ ಕಿರೀಟವನ್ನೇ ತೊಡಿಸಿದ್ದರು. ಗಲಾಟೆಯಾಗಿ ಡಿಸೆಂಬರಿನ ಮುದ್ರಣದಲ್ಲಿ ಕಿರೀಟದ ಮೇಲಂತಸ್ತುಗಳನ್ನು ಕೆತ್ತಿ ತೆಗೆದರು. 1534ರ ಪೂರ್ಣ ಬೈಬಲಿನಲ್ಲಿ ಅದು ಮತ್ತೆ ಬಂತು. ಕಥೋಲಿಕರೂ ಸುಮ್ಮನಿರಲಿಲ್ಲ. 1529ರಲ್ಲಿ ಯೊಹಾನ್ ಕೊಖ್ಲಾಯಸ್ ಏಳು ತಲೆಯ ಲೂಥರನ ಚಿತ್ರ ಅಚ್ಚುಹಾಕಿಸಿದ. ಅಸಭ್ಯತೆಯಲ್ಲಿ ಯಾವ ಕಡೆಯೂ ಹಿಂದೆ ಬೀಳಲಿಲ್ಲ. 1545ರಲ್ಲಿ, ಸಾಯುವ ಹಿಂದಿನ ವರ್ಷ, ಪೋಪ್ ಪೀಠದ ಮೇಲೆ ಲೂಥರ್ ಬರೆದ ಪುಸ್ತಕವನ್ನು ಇಂದಿನ ಲೂಥರನ್ನರೇ ಮುಜುಗರದಿಂದ ಓದುತ್ತಾರೆ.

ಸಿದ್ಧಾಂತದ ತಿರುಳು ಮಾತ್ರ ಬೈಗುಳಕ್ಕಿಂತ ಗಂಭೀರವಾದದ್ದು. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅಧರ್ಮಸ್ವರೂಪನು ದೇವರ ಆಲಯದಲ್ಲೇ ಕೂತುಕೊಳ್ಳುತ್ತಾನೆ ಎಂದಿದೆ. ಹಾಗಾದರೆ ಕ್ರಿಸ್ತವಿರೋಧಿ ಹೊರಗಿನ ಶತ್ರುವಲ್ಲ, ಸಭೆಯ ಒಳಗಿನಿಂದಲೇ ಹುಟ್ಟುವವನು, ಒಬ್ಬ ವ್ಯಕ್ತಿಯಲ್ಲ, ತಲೆಮಾರುಗಳವರೆಗೆ ಮುಂದುವರಿಯುವ ಒಂದು ಸಂಸ್ಥೆ ಎಂದು ಸುಧಾರಕರು ಅರ್ಥೈಸಿದರು. ಕ್ರಿಸ್ತನೊಬ್ಬನಿಗೇ ಸಲ್ಲಬೇಕಾದ ಸ್ಥಾನವನ್ನು ಆಕ್ರಮಿಸಿರುವುದೇ ಅದರ ಗುರುತು. ಈ ವಾದಕ್ಕೆ ಒಂದು ಅನಿರೀಕ್ಷಿತ ಪರಿಣಾಮವಿದೆ: ಪೋಪ ದೇವರ ಆಲಯದಲ್ಲಿ ಕೂತಿದ್ದಾನೆ ಎಂದರೆ ರೋಮಿನ ಸಭೆಯಲ್ಲಿ ದೇವರ ಆಲಯ ಇನ್ನೂ ಇದೆ ಎಂದೇ ಆಯಿತು. ಸುಧಾರಕ ಜಾನ್ ಕ್ಯಾಲ್ವಿನ್ ಇದನ್ನು ಒಪ್ಪಿದ. ಪೋಪನ ಆಳ್ವಿಕೆಯಡಿಯಲ್ಲೂ ಸಭೆಯ ಕುರುಹುಗಳು ಉಳಿದಿವೆ ಎಂದ. ರೋಮಿನಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಪ್ರೊಟೆಸ್ಟೆಂಟ್ ಮುಖ್ಯ ಪಂಗಡಗಳು ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ. ಲೂಥರನ ಸಹೋದ್ಯೋಗಿ ಫಿಲಿಪ್ ಮೆಲಾಂಖ್ಟನ್ ಇನ್ನೂ ಮೆತ್ತಗಿನವನು. 1537ರಲ್ಲಿ ಲೂಥರ್ ಬರೆದ ಷ್ಮಾಲ್‌ಕಾಲ್ಡ್ ವಿಧಿಗಳೆಂಬ ನಂಬಿಕೆಯ ಪ್ರಮಾಣಕ್ಕೆ ಸಹಿ ಹಾಕುವಾಗ ಒಂದು ಷರಾ ಸೇರಿಸಿದ: ಪೋಪ ಸುವಾರ್ತೆಗೆ ಅವಕಾಶ ಕೊಟ್ಟರೆ, ಶಾಂತಿ ಮತ್ತು ಐಕ್ಯಕ್ಕಾಗಿ, ಬಿಷಪ್ಪರ ಮೇಲಿನ ಅವನ ಹಿರಿತನವನ್ನು ಮನುಷ್ಯರು ಮಾಡಿಕೊಂಡ ಏರ್ಪಾಡೆಂದು ಒಪ್ಪಬಹುದು. ಅಂದು ಎರಡು ಕಡೆಗೂ ಬೇಡವಾದ ಆ ಒಂದು ವಾಕ್ಯವನ್ನು ಇಪ್ಪತ್ತನೆಯ ಶತಮಾನದ ಸಂಧಾನಕಾರರು ಹುಡುಕಿ ಹೊರತೆಗೆದರು.

ರೋಮಿನ ಪರವಾಗಿ ಅತ್ಯಂತ ಸಮರ್ಥವಾಗಿ ವಾದಿಸಿದವನು ಯೇಸುಸಭೆಯೆಂಬ ಕಥೋಲಿಕ ಸಂಘದ ರಾಬರ್ಟ್ ಬೆಲ್ಲರ್ಮಿನ್. ಕ್ರಿಸ್ತವಿರೋಧಿ ಒಬ್ಬನೇ ವ್ಯಕ್ತಿ, ಲೋಕಾಂತ್ಯದ ಹತ್ತಿರ ಬಂದು ಮೂರೂವರೆ ವರ್ಷ ಆಳುವವನು. ಶತಮಾನಗಳಿಂದ ನಡೆದುಬಂದ ಪೀಠಕ್ಕೆ ಆ ಲಕ್ಷಣ ಹೊಂದುವುದಿಲ್ಲ ಎಂದ. ಅದೇ ಸಂಘದ ಫ್ರಾನ್ಸಿಸ್ಕೊ ರಿಬೇರಾ 1590ರ ಸುಮಾರಿಗೆ ಪ್ರಕಟನೆಯ ಪುಸ್ತಕದ ಹೆಚ್ಚಿನ ಭಾಗ ಇನ್ನೂ ನಡೆಯಬೇಕಾದ್ದೆಂದು ಬರೆದರೆ, ಲೂಯಿಸ್ ದೆ ಆಲ್ಕಾಜರ್ ಅದರ ಹೆಚ್ಚಿನ ಭಾಗ ರೋಮ್ ಸಾಮ್ರಾಜ್ಯದ ಕಾಲದಲ್ಲೇ ನಡೆದು ಮುಗಿದದ್ದೆಂದ. ಒಂದು ಭವಿಷ್ಯಕ್ಕೆ, ಇನ್ನೊಂದು ಭೂತಕ್ಕೆ. ಎರಡರಲ್ಲೂ ಪೋಪ್ ಪೀಠ ಪಾರು. ಹತ್ತೊಂಬತ್ತನೆಯ ಶತಮಾನದಲ್ಲಿ ರಿಬೇರಾನದನ್ನು ಹೋಲುವ ಭವಿಷ್ಯದ ಓದು ಇಂಗ್ಲೆಂಡ್, ಅಮೆರಿಕಗಳ ಕಟ್ಟಾ ಪ್ರೊಟೆಸ್ಟೆಂಟರಲ್ಲೇ ಹರಡಿತು. ಪೋಪನ ಮೇಲಿದ್ದ ಹಳೆಯ ಆರೋಪ ಸಡಿಲಗೊಳ್ಳಲು ಅದೂ ಒಂದು ಕಾರಣ.

ಜರ್ಮನಿಯಲ್ಲಿ ಹುಟ್ಟಿದ ಈ ತಕರಾರು ರಾಜಕಾರಣವಾಗಿ ಬೇರುಬಿಟ್ಟದ್ದು ಇಂಗ್ಲೆಂಡಿನಲ್ಲಿ. 1534ರಲ್ಲಿ ಎಂಟನೆಯ ಹೆನ್ರಿ ತನ್ನನ್ನೇ ಇಂಗ್ಲೆಂಡಿನ ಸಭೆಯ ಪರಮಾಧಿಕಾರಿ ಎಂದು ಶಾಸನ ಮಾಡಿಸಿಕೊಂಡ. ಲೂಥರನ ಸಿದ್ಧಾಂತದ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ. ಮದುವೆಯ ರದ್ದತಿಗೆ ಪೋಪ ಒಪ್ಪಲಿಲ್ಲ, ಅಷ್ಟೇ. ಮಗಳು ಮೇರಿ ಮತ್ತೆ ರೋಮಿನ ಕಡೆಗೆ ತಿರುಗಿ, 1555ರಿಂದ 1558ರ ನಡುವೆ ಸುಮಾರು 280 ಪ್ರೊಟೆಸ್ಟೆಂಟರನ್ನು ಸುಡಿಸಿದಳು. ಅವರಲ್ಲಿ ಬಿಷಪ್ಪರಿದ್ದರು, ನೇಕಾರರೂ ಕೂಲಿಗಳೂ ಇದ್ದರು. ಅವರ ಕಥೆಗಳನ್ನು ಜಾನ್ ಫಾಕ್ಸ್ 1563ರಲ್ಲಿ ಚಿತ್ರಗಳ ಸಮೇತ ಅಚ್ಚುಹಾಕಿಸಿದ. ದೊಡ್ಡ ದೇವಾಲಯಗಳಲ್ಲಿ ಬೈಬಲಿನ ಪಕ್ಕದಲ್ಲಿ ಅದನ್ನಿಟ್ಟರು. ಪೋಪ್ ಎಂದೊಡನೆ ಉರಿಯುವ ಕಂಬ ಕಣ್ಣಿಗೆ ಕಟ್ಟುವಂತೆ ಮಾಡಿದ್ದು ಆ ಪುಸ್ತಕ.

1570ರ ಫೆಬ್ರವರಿ 25ರಂದು ಪೋಪ್ ಐದನೆಯ ಪಯಸ್ ಹೊರಡಿಸಿದ ಆಜ್ಞಾಪತ್ರ ಇಂಗ್ಲೆಂಡಿನ ಕಥೋಲಿಕರಿಗೆ ಮಾಡಿದಷ್ಟು ಹಾನಿಯನ್ನು ಯಾವ ಪ್ರೊಟೆಸ್ಟೆಂಟನೂ ಮಾಡಲಿಲ್ಲ. ಮೇರಿಯ ಬಳಿಕ ಪಟ್ಟಕ್ಕೆ ಬಂದ ಪ್ರೊಟೆಸ್ಟೆಂಟ್ ರಾಣಿ ಎಲಿಜಬೆತ್ ರಾಣಿಯೇ ಅಲ್ಲ, ಪ್ರಜೆಗಳು ಅವಳಿಗೆ ಕೊಟ್ಟ ನಿಷ್ಠೆಯ ಪ್ರಮಾಣ ರದ್ದು, ಇನ್ನು ಅವಳ ಆಜ್ಞೆ ಪಾಲಿಸಿದವರಿಗೂ ಬಹಿಷ್ಕಾರ ಎಂದು ಅದು ಸಾರಿತು. ಮೇ 25ರಂದು ಜಾನ್ ಫೆಲ್ಟನ್ ಎಂಬಾತ ಅದರ ಪ್ರತಿಯನ್ನು ಲಂಡನ್ನಿನ ಬಿಷಪ್ಪನ ಅರಮನೆಯ ಬಾಗಿಲಿಗೆ ಜಡಿದ. ಆಗಸ್ಟಿನಲ್ಲಿ ಅವನ ಮರಣದಂಡನೆಯಾಯಿತು. ಅಂದಿನವರೆಗೆ ಕಥೋಲಿಕನಾಗಿರುವುದು ತಪ್ಪು ನಂಬಿಕೆ. ಅಂದಿನಿಂದ ಅದು ರಾಜದ್ರೋಹದ ಅನುಮಾನ. ರಾಣಿಗೆ ನಡೆದುಕೊಂಡರೆ ಪೋಪನ ಬಹಿಷ್ಕಾರ, ಪೋಪನ ಮಾತು ಕೇಳಿದರೆ ರಾಣಿಯ ನೇಣು: ಅಡಕತ್ತರಿಗೆ ಸಿಕ್ಕ ಅಡಕೆಯಂತಾಯಿತು ಅವರ ಪಾಡು. ಸದ್ಯದ ಸ್ಥಿತಿಯಲ್ಲಿ ಕಥೋಲಿಕರು ಆಜ್ಞೆಗೆ ಬದ್ಧರಲ್ಲ ಎಂದು 1580ರಲ್ಲಿ ಹದಿಮೂರನೆಯ ಗ್ರೆಗೊರಿ ಕೊಟ್ಟ ವಿವರಣೆ ಮತ್ತಷ್ಟು ಕೆಡಿಸಿತು. ಸ್ಥಿತಿ ಬದಲಾದರೆ ಬಂಡೇಳುತ್ತಾರೆ ಎಂದೇ ಸರ್ಕಾರ ಅದನ್ನು ಓದಿಕೊಂಡಿತು. ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನ ನೆಲದ ಮೇಲಿರುವುದೇ ರಾಜದ್ರೋಹ ಎಂದು 1585ರಲ್ಲಿ ಕಾನೂನಾಯಿತು. ಎಲಿಜಬೆತ್ ಕಾಲದಲ್ಲಿ ನೂರಕ್ಕೂ ಹೆಚ್ಚು ಪಾದ್ರಿಗಳು ಕೊಲ್ಲಲ್ಪಟ್ಟರು. 1581ರಲ್ಲಿ ಸತ್ತ ಎಡ್ಮಂಡ್ ಕ್ಯಾಂಪಿಯನ್ ತಾನು ರಾಣಿಯ ನಿಷ್ಠಾವಂತ ಪ್ರಜೆಯೆಂದೇ ಕೊನೆಯವರೆಗೂ ಹೇಳುತ್ತಿದ್ದ. ಪಾದ್ರಿಗಳಿಗೆ ಆಶ್ರಯ ಕೊಟ್ಟ ಮೊಕದ್ದಮೆಯಲ್ಲಿ ಉತ್ತರ ಕೊಡಲು ಒಪ್ಪದ ಮಾರ್ಗರೆಟ್ ಕ್ಲಿಥರೊ ಎಂಬ ಯಾರ್ಕ್ ನಗರದ ಗೃಹಿಣಿಯನ್ನು 1586ರಲ್ಲಿ ಭಾರ ಹೇರಿ ಕೊಂದರು. ಮೇರಿ ಸುಡಿಸಿದ್ದು ಪಾಷಂಡಿಗಳೆಂದು, ಎಲಿಜಬೆತ್ ಕೊಲ್ಲಿಸಿದ್ದು ದ್ರೋಹಿಗಳೆಂದು. ಸತ್ತವರಿಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾಗಿರಲಿಲ್ಲ. ಕಾನೂನು ಬರೆದವರಿಗೆ ಮಾತ್ರ ಅದು ಬಹಳ ಮುಖ್ಯವಾಗಿತ್ತು.

1605ರ ನವೆಂಬರ್ 5ರಂದು ಪಾರ್ಲಿಮೆಂಟಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನ ಪುಡಿಯೊಂದಿಗೆ ಗೈ ಫಾಕ್ಸ್ ಸಿಕ್ಕಿಬಿದ್ದ ಮೇಲೆ ಅನುಮಾನಕ್ಕೆ ಆಧಾರವೂ ಸಿಕ್ಕಿತು. ಸಂಚು ಹೂಡಿದವರು ಬೆರಳೆಣಿಕೆಯ ಕಥೋಲಿಕರು, ಹೊಣೆ ಬಿದ್ದದ್ದು ಎಲ್ಲರ ಮೇಲೆ. ಬಹಿಷ್ಕೃತ ರಾಜನನ್ನು ಪದಚ್ಯುತಗೊಳಿಸಬಹುದು, ಕೊಲ್ಲಬಹುದು ಎಂಬುದು ಪಾಷಂಡ ಮತವೆಂದು ಪ್ರಮಾಣ ಮಾಡಬೇಕೆಂದು ಮರುವರ್ಷ ಮೊದಲನೆಯ ಜೇಮ್ಸ್ ಕಾನೂನು ತಂದ. ಪೋಪ್ ಐದನೆಯ ಪಾಲ್ ಆ ಪ್ರಮಾಣವನ್ನು ನಿಷೇಧಿಸಿದ. ರಾಜನೂ ಬೆಲ್ಲರ್ಮಿನ್ನನೂ ಪುಸ್ತಕಕ್ಕೆ ಪುಸ್ತಕ ಬರೆದು ಜಗಳವಾಡಿದರು. ನವೆಂಬರ್ 5ರ ಕೃತಜ್ಞತಾ ಪ್ರಾರ್ಥನೆ ಇಂಗ್ಲೆಂಡಿನ ಸಭೆಯ ಪ್ರಾರ್ಥನಾಪುಸ್ತಕದಲ್ಲಿ 1859ರವರೆಗೆ ಉಳಿಯಿತು.

ಭಯ ಒಮ್ಮೆ ನೆಲೆನಿಂತರೆ ಪುರಾವೆ ಬೇಕಾಗುವುದಿಲ್ಲ. 1666ರ ಲಂಡನ್ ಬೆಂಕಿ ಬೇಕರಿಯೊಂದರಲ್ಲಿ ಹೊತ್ತಿದ್ದು. ಆದರೆ ಅದರ ಸ್ಮಾರಕಸ್ತಂಭದ ಮೇಲೆ 1681ರಲ್ಲಿ ಪೋಪನ ಕಡೆಯವರೇ ಅದಕ್ಕೆ ಕಾರಣವೆಂದು ಕೆತ್ತಿಸಿದರು. ಕಥೋಲಿಕ ರಾಜ ಎರಡನೆಯ ಜೇಮ್ಸನ ಕಾಲದಲ್ಲಿ ಅಳಿಸಿದ್ದ ಆ ಸಾಲನ್ನು ಅವನು ಓಡಿಹೋದ ಮೇಲೆ ಮತ್ತೆ ಕೆತ್ತಿದರು. ಪೂರ್ತಿ ತೆಗೆದದ್ದು 1830ರಲ್ಲಿ. 1678ರಲ್ಲಿ ಟೈಟಸ್ ಓಟ್ಸ್ ಎಂಬ ಸುಳ್ಳುಗಾರ, ರಾಜನನ್ನು ಕೊಲ್ಲಲು ಯೇಸುಸಭೆಯವರು ಸಂಚು ಮಾಡಿದ್ದಾರೆ ಎಂದು ಸಾಕ್ಷಿ ಹೇಳಿದ. ಅವನ ಹೇಳಿಕೆ ದಾಖಲಿಸಿಕೊಂಡ ನ್ಯಾಯಾಧಿಕಾರಿ ಸರ್ ಎಡ್ಮಂಡ್ ಬೆರಿ ಗಾಡ್‌ಫ್ರಿಯ ಹೆಣ ಪ್ರಿಮ್‌ರೋಸ್ ಬೆಟ್ಟದಲ್ಲಿ ಸಿಕ್ಕಿದ್ದೇ ತಡ, ಊರಿಗೆ ಊರೇ ನಂಬಿತು. ಮುಂದಿನ ಮೂರು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿರಪರಾಧಿಗಳು ಗಲ್ಲಿಗೇರಿದರು. ಆರ್ಮಾದ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್ 1681ರಲ್ಲಿ. ಎಲಿಜಬೆತ್ ಪಟ್ಟಕ್ಕೆ ಬಂದ ದಿನವಾದ ನವೆಂಬರ್ 17ರಂದು ಲಂಡನ್ನಿನಲ್ಲಿ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಗಂಟೆ ಬಾರಿಸುವವನು, ಹಿಂದೆ ಕುದುರೆಯ ಮೇಲೆ ಗಾಡ್‌ಫ್ರಿಯ ಹೆಣದ ಬೊಂಬೆ, ಆಮೇಲೆ ಸನ್ಯಾಸಿಗಳ, ಬಿಷಪ್ಪರ, ಕಾರ್ಡಿನಲ್‌ಗಳ ವೇಷಗಳು, ಕಟ್ಟಕಡೆಗೆ ಸಿಂಹಾಸನದಲ್ಲಿ ಪೋಪನ ಬೊಂಬೆ, ಅದರ ಕಿವಿಯಲ್ಲಿ ಪಿಸುಗುಟ್ಟುವ ಪಿಶಾಚಿ. ಟೆಂಪಲ್ ಬಾರ್ ಬಾಗಿಲ ಬಳಿ ಬೊಂಬೆಗೆ ಬೆಂಕಿ ಬೀಳುವ ಹೊತ್ತಿಗೆ ಪಿಶಾಚಿ ಅದನ್ನು ಬಿಟ್ಟು ಓಡುತ್ತಿತ್ತು. ಇದನ್ನೆಲ್ಲ ಏರ್ಪಡಿಸುತ್ತಿದ್ದವರು ರಾಜನ ಕಥೋಲಿಕ ತಮ್ಮ ಜೇಮ್ಸನಿಗೆ ಪಟ್ಟ ತಪ್ಪಿಸಲು ಹೆಣಗುತ್ತಿದ್ದ ರಾಜಕಾರಣಿಗಳು.

ಅವರ ಉದ್ದೇಶ ಈಡೇರಿದ್ದು 1688ರ ಕ್ರಾಂತಿಯಲ್ಲಿ. ಕಥೋಲಿಕನಾಗಲಿ, ಕಥೋಲಿಕರನ್ನು ಮದುವೆಯಾದವರಾಗಲಿ ಸಿಂಹಾಸನವೇರಕೂಡದೆಂದು 1689 ಮತ್ತು 1701ರ ಶಾಸನಗಳು ಕಟ್ಟುಮಾಡಿದವು. ಐರ್ಲೆಂಡಿನಲ್ಲಿ ಬಹುಸಂಖ್ಯಾತರಾದ ಕಥೋಲಿಕರೇ ಜಮೀನು, ಮತ, ಅಧಿಕಾರ ಕಳೆದುಕೊಂಡರು. 1778ರಲ್ಲಿ ಕಥೋಲಿಕರಿಗೆ ಅಲ್ಪಸ್ವಲ್ಪ ರಿಯಾಯಿತಿ ಕೊಟ್ಟದ್ದಕ್ಕೆ ವಿರುದ್ಧವಾಗಿ 1780ರ ಜೂನ್ 2ರಂದು ಲಾರ್ಡ್ ಜಾರ್ಜ್ ಗೋರ್ಡನ್ ಸುಮಾರು ಐವತ್ತು ಸಾವಿರ ಜನರನ್ನು ಪಾರ್ಲಿಮೆಂಟಿಗೆ ಕರೆತಂದ. ಮುಂದಿನ ಒಂದು ವಾರ ಲಂಡನ್ ಉರಿಯಿತು. ನ್ಯೂಗೇಟ್ ಸೆರೆಮನೆ ಸುಟ್ಟುಹೋಯಿತು, ಸೈನ್ಯದ ಗುಂಡಿಗೆ ಮುನ್ನೂರರ ಹತ್ತಿರ ಜನ ಸತ್ತರು. ಪ್ರೊಟೆಸ್ಟೆಂಟ್ ಧರ್ಮ ಉಳಿಸಲು ಹೊರಟ ಗೋರ್ಡನ್ ಮುಂದೆ ಯಹೂದಿ ಮತಕ್ಕೆ ಸೇರಿ, ಮತ್ತೆ ಕಟ್ಟಿದ ಅದೇ ಸೆರೆಮನೆಯಲ್ಲಿ ಸತ್ತದ್ದು ಇತಿಹಾಸದ ಚೇಷ್ಟೆ. ಡೇನಿಯಲ್ ಓ'ಕಾನೆಲ್‌ನ ಹೋರಾಟದಿಂದ 1829ರಲ್ಲಿ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. 1850ರಲ್ಲಿ ಒಂಬತ್ತನೆಯ ಪಯಸ್ ಇಂಗ್ಲೆಂಡಿಗೆ ಮತ್ತೆ ಬಿಷಪ್ಪರನ್ನು ನೇಮಿಸಿದಾಗ ಪೋಪನ ದಂಡಯಾತ್ರೆ ಎಂದು ಕೂಗೆದ್ದಿತು. ಅವರ ಬಿರುದುಗಳನ್ನು ನಿಷೇಧಿಸಿದ ಕಾನೂನಿನಡಿ ಒಬ್ಬನ ಮೇಲೂ ಮೊಕದ್ದಮೆ ನಡೆಯದೆ, ಇಪ್ಪತ್ತು ವರ್ಷಕ್ಕೆ ಅದು ರದ್ದಾಯಿತು.

ಇಂಗ್ಲಿಷರ ವಸಾಹತುಗಳಿಗೂ ಈ ಭಯ ಹಡಗೇರಿ ಹೋಗಿತ್ತು. ಬಾಸ್ಟನ್ನಿನಲ್ಲಿ ಪ್ರತಿ ನವೆಂಬರ್ 5ಕ್ಕೆ ಪೋಪನ ಬೊಂಬೆ ಸುಡುತ್ತಿದ್ದರು. ಕೆನಡಾದ ಕಥೋಲಿಕರ ಬೆಂಬಲ ಬೇಕಾಗಿದ್ದ ಜಾರ್ಜ್ ವಾಷಿಂಗ್ಟನ್ 1775ರಲ್ಲಿ ತನ್ನ ಸೈನಿಕರಿಗೆ ಈ ಹುಡುಗಾಟಿಕೆ ನಿಲ್ಲಿಸುವಂತೆ ಆಜ್ಞೆ ಹೊರಡಿಸಿದ. ಆದರೆ 1834ರಲ್ಲಿ ಅದೇ ಬಾಸ್ಟನ್ನಿನ ಪಕ್ಕದ ಚಾರ್ಲ್ಸ್‌ಟೌನ್‌ನಲ್ಲಿ ಜನ ಸನ್ಯಾಸಿನಿಯರ ಮಠವೊಂದನ್ನು ಸುಟ್ಟುಹಾಕಿದರು. 1960ರಲ್ಲಿ ಕೂಡ ಅಧ್ಯಕ್ಷ ಪದವಿಗೆ ನಿಂತ ಜಾನ್ ಕೆನೆಡಿ ಹ್ಯೂಸ್ಟನ್ನಿನ ಪ್ರೊಟೆಸ್ಟೆಂಟ್ ಪಾಲಕರ ಮುಂದೆ ನಿಂತು, ಪೋಪರ ಅಪ್ಪಣೆಯಂತೆ ದೇಶವಾಳುವುದಿಲ್ಲ ಎಂದು ಮಾತು ಕೊಡಬೇಕಾಯಿತು. 1570ರ ಪ್ರಶ್ನೆಯೇ ಅದು: ಎರಡು ಕಡೆ ನಿಷ್ಠೆ ಇಟ್ಟವನನ್ನು ನಂಬಬಹುದೇ?

ಆ ಪ್ರಶ್ನೆಗೆ ಹೊಸ ಮೊನೆ ಬಂದದ್ದು 1870ರ ಜುಲೈ 18ರಂದು. ಮೊದಲನೆಯ ವ್ಯಾಟಿಕನ್ ಮಹಾಸಭೆ 2 ಮತಗಳಿಗೆ ವಿರುದ್ಧವಾಗಿ 533 ಮತಗಳಿಂದ ಪೋಪರ ತಪ್ಪಾಗದ ಬೋಧನೆಯ ಸಿದ್ಧಾಂತವನ್ನು ಅಂಗೀಕರಿಸಿತು. ಭಿನ್ನಮತದ ಹಲವರು ಮತದಾನಕ್ಕೆ ಮೊದಲೇ ರೋಮ್ ಬಿಟ್ಟು ಹೋಗಿದ್ದರು. ಪೋಪ ಹೇಳಿದ್ದೆಲ್ಲ ಸರಿ ಎಂದೋ, ಪೋಪ ಪಾಪ ಮಾಡುವುದಿಲ್ಲ ಎಂದೋ ಈ ಸಿದ್ಧಾಂತ ಹೇಳುವುದಿಲ್ಲ. ಎಲ್ಲ ಕ್ರೈಸ್ತರ ಪಾಲಕನಾಗಿ, ತನ್ನ ಪೀಠದ ಪೂರ್ಣ ಅಧಿಕಾರದಿಂದ, ನಂಬಿಕೆ ಅಥವಾ ನೀತಿಯ ವಿಷಯವೊಂದನ್ನು ಇಡೀ ಸಭೆ ನಂಬಬೇಕಾದ್ದೆಂದು ನಿರ್ಣಯಿಸಿದಾಗ ಮಾತ್ರ ಅದು ತಪ್ಪಾಗದು. ಅಂದಿನಿಂದ ಅಂಥ ನಿರ್ಣಯ ಸ್ಪಷ್ಟವಾಗಿ ಬಂದದ್ದು ಒಮ್ಮೆ, 1950ರಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ. ಇಷ್ಟು ಕಿರಿದಾದ ಸಿದ್ಧಾಂತವಾದರೂ ಪ್ರೊಟೆಸ್ಟೆಂಟರಿಗೆ ಹಳೆಯ ಅನುಮಾನವೇ ನಿಜವಾದಂತೆ ಕಂಡಿತು. ಕಥೋಲಿಕರು ಇನ್ನು ನಿಷ್ಠಾವಂತ ಪ್ರಜೆಗಳಾಗಿರಲು ಸಾಧ್ಯವೇ ಎಂದು ಬ್ರಿಟನ್ನಿನ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ 1874ರಲ್ಲಿ ಕಿರುಹೊತ್ತಿಗೆ ಬರೆದು ಕೇಳಿದ. ಆಂಗ್ಲಿಕನ್ ಸಭೆ ಬಿಟ್ಟು ಕಥೋಲಿಕನಾಗಿದ್ದ ಜಾನ್ ಹೆನ್ರಿ ನ್ಯೂಮನ್ ಮರುವರ್ಷ ಉತ್ತರಿಸಿ, ಮೊದಲು ಅಂತಃಸಾಕ್ಷಿ, ಆಮೇಲೆ ಪೋಪ ಎಂಬ ಅರ್ಥದ ಮಾತು ಹೇಳಿದ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಥೋಲಿಕ ಸಭೆಯ ಮೇಲೆ ಕಾನೂನಿನ ಸಮರ ಸಾರಿದ, ಹತ್ತು ವರ್ಷದೊಳಗೆ ಹಿಂದೆಗೆಯಬೇಕಾಯಿತು. 1896ರಲ್ಲಿ ಹದಿಮೂರನೆಯ ಲಿಯೊ ಆಂಗ್ಲಿಕನ್ ಪಾದ್ರಿಗಳ ದೀಕ್ಷೆ ಸಿಂಧುವೇ ಅಲ್ಲ ಎಂದು ತೀರ್ಪು ಕೊಟ್ಟ. ಆ ತೀರ್ಪನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಪೋಪ ಕ್ರಿಸ್ತವಿರೋಧಿ ಎಂಬ ಸಿದ್ಧಾಂತವನ್ನು ಯಾರೂ ವಾದದಲ್ಲಿ ಸೋಲಿಸಲಿಲ್ಲ. ಸಭೆಗಳು ಸದ್ದಿಲ್ಲದೆ ಬದಿಗಿಟ್ಟವು. 1646ರ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಮಾಣದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಈ ಮಾತು ಸ್ಪಷ್ಟವಾಗಿ ದಾಖಲಾಗಿತ್ತು. ಅಮೆರಿಕದ ಉತ್ತರದ ಪ್ರೆಸ್ಬಿಟೀರಿಯನ್ನರು 1903ರಲ್ಲಿ ಅದನ್ನು ತಿದ್ದಿದರು. ಸ್ಕಾಟ್‌ಲೆಂಡಿನ ಸಭೆ ಪಠ್ಯವನ್ನು ಮುಟ್ಟದೆ, ಆ ಮಾತು ತನ್ನದಲ್ಲವೆಂದು 1986ರಲ್ಲಿ ನಿರ್ಣಯಿಸಿತು. ರೋಮ್ ಕೂಡ ಬದಲಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಪ್ರೊಟೆಸ್ಟೆಂಟ್ ವೀಕ್ಷಕರನ್ನು ಕರೆಯಲಾಯಿತು. ಪಾಷಂಡಿಗಳೆಂದು ಕರೆಸಿಕೊಳ್ಳುತ್ತಿದ್ದವರು ಅಗಲಿದ ಸಹೋದರರಾದರು. 1966ರ ಮಾರ್ಚ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರ‍್ಯಾಮ್ಸಿ ರೋಮಿಗೆ ಹೋದಾಗ ಆರನೆಯ ಪಾಲ್ ತನ್ನ ಕೈಬೆರಳಿನ ಉಂಗುರವನ್ನೇ ತೆಗೆದು ಅವರ ಬೆರಳಿಗೆ ತೊಡಿಸಿದರು. ದೀಕ್ಷೆಯೇ ಸಿಂಧುವಲ್ಲದ ಪಾದ್ರಿಗೆ ಬಿಷಪ್ಪನ ಉಂಗುರ! ಕಾಗದದ ಮೇಲೆ ಹೇಳಲಾಗದ್ದನ್ನು ಪೋಪರು ಬೆರಳಿನಲ್ಲಿ ಹೇಳಿದರೆಂದು ಅಲ್ಲಿದ್ದವರಿಗೆ ಅರ್ಥವಾಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ರೋಮೂ ನೀತೀಕರಣದ, ಅಂದರೆ ದೇವರು ಪಾಪಿಯನ್ನು ನೀತಿವಂತನೆಂದು ಸ್ವೀಕರಿಸುವ ಬಗೆಯ, ಸಿದ್ಧಾಂತದ ಮೂಲಭೂತ ಸತ್ಯಗಳಲ್ಲಿ ಒಮ್ಮತವಿದೆಯೆಂದು ಸಹಿ ಹಾಕಿದವು. ಲೂಥರನ ಜಗಳದ ನಡುಮಧ್ಯದಲ್ಲಿದ್ದದ್ದೇ ಆ ಸಿದ್ಧಾಂತ.

ಉತ್ತರ ಐರ್ಲೆಂಡಿನಲ್ಲಿ ಮಾತ್ರ ಹಳೆಯ ಭಾಷೆ ಜೀವಂತವಾಗಿತ್ತು. 1988ರ ಅಕ್ಟೋಬರ್ 11ರಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಎರಡನೆಯ ಜಾನ್ ಪಾಲ್ ಮಾತಾಡುತ್ತಿದ್ದಾಗ ಉತ್ತರ ಐರ್ಲೆಂಡಿನ ಪಾಲಕ ಇಯಾನ್ ಪೇಯ್ಸ್ಲಿ ಎದ್ದು ನಿಂತು, ಪೋಪರನ್ನು ಕ್ರಿಸ್ತವಿರೋಧಿ ಎಂದು ಸಾರುವ ಫಲಕ ಹಿಡಿದು ಕೂಗಿದರು. ಅಕ್ಕಪಕ್ಕದ ಸದಸ್ಯರು ಫಲಕ ಕಿತ್ತುಕೊಂಡು ಅವರನ್ನು ಹೊರಗೆ ಹಾಕಿದರು. ಪೋಪರು ಸುಮ್ಮನೆ ಮುಗುಳ್ನಕ್ಕು ಭಾಷಣ ಮುಂದುವರಿಸಿದರು. ಆದರೆ ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷಗಳಲ್ಲಿ ಸುಮಾರು ಮೂರೂವರೆ ಸಾವಿರ ಜನರನ್ನು ಬಲಿ ತೆಗೆದುಕೊಂಡ ಹಿಂಸೆ ಪೋಪ್ ಪದವಿಯ ಮೇಲಿನ ಧರ್ಮಚರ್ಚೆಯಿಂದ ಹುಟ್ಟಿದ್ದಲ್ಲ. ಆ ನೆಲ ಬ್ರಿಟನ್ನಿಗೆ ಸೇರಬೇಕೇ ಐರ್ಲೆಂಡಿಗೆ ಸೇರಬೇಕೇ, ಮನೆ, ನೌಕರಿ, ಮತದ ಹಕ್ಕು ಯಾರಿಗೆ ಎಷ್ಟು ಎಂಬ ಜಗಳವದು. ಕಥೋಲಿಕ, ಪ್ರೊಟೆಸ್ಟೆಂಟ್ ಎಂಬವು ಎರಡು ಪಾಳೆಯಗಳ ಹೆಸರುಗಳಾಗಿದ್ದವು.

1995ರಲ್ಲಿ ಎರಡನೆಯ ಜಾನ್ ಪಾಲ್ ಒಂದು ಅಪರೂಪದ ಕೆಲಸ ಮಾಡಿದರು. ಕ್ರೈಸ್ತರ ಐಕ್ಯಕ್ಕೆ ತಮ್ಮ ಪೀಠವೇ ಅಡ್ಡಿಯಾಗಿದೆಯೆಂಬುದನ್ನು ಗುರುತಿಸಿ, ಅದರ ಸಾರ ಬಿಡದೆ ಅದನ್ನು ನಡೆಸುವ ಹೊಸ ಬಗೆಯನ್ನು ಹುಡುಕಲು ನೆರವಾಗುವಂತೆ ಬೇರೆ ಸಭೆಗಳನ್ನು ಕೇಳಿಕೊಂಡರು. ಐದು ವರ್ಷಗಳ ಬಳಿಕ ವ್ಯಾಟಿಕನ್ನಿನದೇ ಇನ್ನೊಂದು ದಾಖಲೆ, ಪ್ರೊಟೆಸ್ಟೆಂಟ್ ಸಮುದಾಯಗಳು ನಿಜವಾದ ಅರ್ಥದಲ್ಲಿ ಸಭೆಗಳೇ ಅಲ್ಲ ಎಂದು ಬರೆದು ಅನೇಕರಿಗೆ ನೋವುಂಟುಮಾಡಿತು. 2016ರ ಅಕ್ಟೋಬರ್ 31ರಂದು ಪೋಪ್ ಫ್ರಾನ್ಸಿಸ್ ಸ್ವೀಡನ್ನಿನ ಲುಂಡ್‌ಗೆ ಹೋಗಿ ಲೂಥರನ್ನರ ಜೊತೆ ಮತಸುಧಾರಣೆಯ ಸ್ಮರಣೆಯಲ್ಲಿ ಪ್ರಾರ್ಥಿಸಿದರು. 2025ರ ಅಕ್ಟೋಬರಿನಲ್ಲಿ ರಾಜ ಮೂರನೆಯ ಚಾರ್ಲ್ಸ್ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಪೋಪ್ ಹದಿನಾಲ್ಕನೆಯ ಲಿಯೊ ಜೊತೆ ಪ್ರಾರ್ಥನೆಯಲ್ಲಿ ಪಾಲ್ಗೊಂಡರು. ಆ ರಾಜಮನೆತನದವರು ಕಥೋಲಿಕರನ್ನು ಮದುವೆಯಾದರೂ ಈಗ ಪಟ್ಟದ ಹಕ್ಕು ತಪ್ಪುವುದಿಲ್ಲ. 2013ರ ಶಾಸನ ಆ ಅಡ್ಡಿಯನ್ನು ತೆಗೆದಿದೆ. ಕಥೋಲಿಕನೇ ರಾಜನಾಗುವುದಕ್ಕೆ 1701ರ ತಡೆ ಹಾಗೆಯೇ ಇದೆ.

ಇಂದು ಉಳಿದಿರುವ ಭಿನ್ನಾಭಿಪ್ರಾಯ ಬಹುಮಟ್ಟಿಗೆ 1870ರ ಎರಡು ಮಾತುಗಳಿಗೆ ಸೀಮಿತವಾಗಿದೆ: ಪ್ರತಿಯೊಂದು ಸಭೆಯ ಮೇಲೂ ಪೋಪರಿಗೆ ನೇರ ಅಧಿಕಾರವಿದೆ ಎಂಬುದು, ಅವರ ಕೆಲವು ನಿರ್ಣಯಗಳು ತಪ್ಪಾಗವು ಎಂಬುದು. ಕ್ರೈಸ್ತರ ಪರವಾಗಿ ಮಾತಾಡಬಲ್ಲ ಒಬ್ಬ ಹಿರಿಯ ಬಿಷಪ್ ಇರುವುದಾದರೆ ಅದು ರೋಮಿನವರೇ ಆಗಬಹುದು ಎನ್ನುವ ಆಂಗ್ಲಿಕನ್ನರೂ ಲೂಥರನ್ನರೂ ಈಗ ಬೇಕಾದಷ್ಟಿದ್ದಾರೆ; ಆದರೆ ಆ ಹಿರಿತನ ದೇವರ ಕಟ್ಟಳೆಯೆಂದು ಅವರು ಒಪ್ಪುವುದಿಲ್ಲ. ಇನ್ನೊಂದು ತುದಿಯಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಲೂಥರನ್ ಸಿನಡ್‌ನಂಥ ಕೆಲವು ಸಭೆಗಳು ಪೋಪ್ ಪದವಿಯೇ ಕ್ರಿಸ್ತವಿರೋಧಿ ಎಂಬ ಹದಿನಾರನೆಯ ಶತಮಾನದ ಬೋಧನೆಯನ್ನು ಅಧಿಕೃತವಾಗಿ ಉಳಿಸಿಕೊಂಡಿವೆ. ಹಾಗೆನ್ನುವಾಗಲೂ ಮಾತು ಪದವಿಯ ಕುರಿತು, ಕಥೋಲಿಕ ಭಕ್ತರ ಕುರಿತಲ್ಲ ಎಂದು ಸೇರಿಸುತ್ತವೆ. 1995ರ ಕೋರಿಕೆಗೆ ಬಂದ ಉತ್ತರಗಳನ್ನೂ ದಶಕಗಳ ಸಂವಾದಗಳನ್ನೂ ಒಟ್ಟುಮಾಡಿ 2024ರ ಜೂನ್‌ನಲ್ಲಿ ವ್ಯಾಟಿಕನ್ನಿನ ಐಕ್ಯ ವಿಭಾಗ ಒಂದು ಅಧ್ಯಯನ ಪ್ರಕಟಿಸಿತು. 1870ರ ನಿರ್ಣಯವನ್ನು ಅದರ ಕಾಲದ ಹಿನ್ನೆಲೆಯಲ್ಲಿಟ್ಟು ಮತ್ತೆ ಓದಬೇಕು, ಬೇರೆ ಮಾತುಗಳಲ್ಲಿ ವಿವರಿಸಬೇಕು ಎಂಬುದು ಅದರ ಸಲಹೆಗಳಲ್ಲೊಂದು. ಅದು ಚರ್ಚೆಗೆ ಇಟ್ಟ ಬರಹ, ಸಭೆಯ ಬೋಧನೆಯಲ್ಲ; ನಿರ್ಣಯದ ಪಠ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ.